ಹೆಸರನ್ನು ಕೊನೆಗೆ ಓದಿ

1945ರ ಡಿಸೆಂಬರ್‌ನಲ್ಲಿ ತೊಕುಗಾವ ಮನೆತನದ ಕತ್ತಿಗಳು ಟೋಕಿಯೋದ ಮೆಜಿರೊ ಪೊಲೀಸ್ ಠಾಣೆ ಸೇರಿದವು. ಸೋತ ಜಪಾನಿನ ನಾಗರಿಕರ ಕೈಯಲ್ಲಿ ಆಯುಧ ಉಳಿಯಕೂಡದೆಂದು ಗೆದ್ದವರ ಸೇನೆ ಅಪ್ಪಣೆ ಹೊರಡಿಸಿತ್ತು. ಎರಡೂವರೆ ಶತಮಾನಕ್ಕೂ ಮಿಕ್ಕಿ ದೇಶವಾಳಿದ ಶೋಗನ್‌ಗಳ ವಂಶಕ್ಕೂ ಅದರಿಂದ ವಿನಾಯಿತಿ ಇರಲಿಲ್ಲ. ಹಾಗೆ ಒಪ್ಪಿಸಿದ ಕತ್ತಿಗಳಲ್ಲಿ ಒಂದರ ಹೆಸರು ಹೊಂಜೊ ಮಾಸಮುನೆ. ಜಪಾನಿನ ಅತ್ಯಂತ ಪ್ರಸಿದ್ಧ ಕತ್ತಿಗಾರ ಮಾಸಮುನೆಯ ಕೈಕೆಲಸವೆಂದು ತಲೆಮಾರುಗಳಿಂದ ಒಪ್ಪಿಕೊಂಡು ಬಂದ ಕತ್ತಿ ಅದು. 1939ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸಿತ್ತು. 1946ರ ಆರಂಭದಲ್ಲಿ ಅದನ್ನು ಅಮೆರಿಕನ್ ಸೈನಿಕನೊಬ್ಬನ ಕೈಗೆ ಕೊಡಲಾಯಿತು ಎನ್ನುವಲ್ಲಿಗೆ ಅದರ ಸುಳಿವು ನಿಂತುಹೋಗುತ್ತದೆ. ಆ ಕತ್ತಿಯ ಬಗ್ಗೆ ಬರೆಯುವವರೆಲ್ಲ ಅದು ಕಳೆದುಹೋದ ಕಥೆಯನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. ಹಿಡಿಯ ಮರೆಯಲ್ಲಿರುವ ಆ ಕತ್ತಿಯ ಬುಡವನ್ನು ಹಿಂದೆಂದೋ ಕತ್ತರಿಸಿ ಗಿಡ್ಡ ಮಾಡಿದ್ದರಿಂದ ಅದರ ಮೇಲೆ ಯಾರ ಸಹಿಯೂ ಇಲ್ಲ. ಇಂದು ಅದು ಯಾರದೋ ಮನೆಯ ಅಟ್ಟದ ಮೇಲೆ, ತಾತನ ಟ್ರಂಕಿನ ತಳದಲ್ಲಿ ಬಿದ್ದಿದ್ದರೆ, ಮೊಮ್ಮಗ ಹಿಡಿ ಬಿಚ್ಚಿ ಅಕ್ಷರ ಹುಡುಕಿ, ಏನೂ ಸಿಗದೆ, ಹೆಸರಿಲ್ಲದ ಮಾಮೂಲಿ ಕತ್ತಿ ಎಂದು ಮತ್ತೆ ಟ್ರಂಕಿಗೆ ಹಾಕಿಬಿಡಬಹುದು.

ಪಿತ್ರಾರ್ಜಿತವಾಗಿ ಬಂದ ಜಪಾನಿ ಕತ್ತಿಯ ವಯಸ್ಸು ಮತ್ತು ಮೂಲವನ್ನು ಹುಡುಕಲು ಹೊರಡುವವರು ಬಹುತೇಕ ಇದೇ ತಪ್ಪು ದಾರಿ ಹಿಡಿಯುತ್ತಾರೆ. ಬುಡದ ಮೇಲಿನ ಅಕ್ಷರಗಳ ಫೋಟೊ ತೆಗೆದು, ಜಪಾನಿ ಓದಬಲ್ಲವರಿಗೋ ಮೊಬೈಲಿನ ಅನುವಾದ ತಂತ್ರಾಂಶಕ್ಕೋ ತೋರಿಸಿ, ಬಂದ ಹೆಸರನ್ನೇ ಉತ್ತರವೆಂದು ನಂಬುತ್ತಾರೆ. ನನ್ನ ವಾದ ಇಷ್ಟೆ: ಕತ್ತಿಯ ಆಕಾರ, ಉಕ್ಕಿನ ಮೈ, ಅಂಚಿನ ಹದ, ಬುಡದ ತುಕ್ಕು ಇವನ್ನೆಲ್ಲ ಓದಿದ ಮೇಲೆ, ಎಲ್ಲಕ್ಕಿಂತ ಕೊನೆಗೆ ಸಹಿಯನ್ನು ಓದಬೇಕು. ಇದು ಪರಿಣತರ ಮಡಿವಂತಿಕೆಯ ಮಾತಲ್ಲ. ಈ ಕ್ರಮ ತಿರುವುಮುರುವಾದಾಗ ಸುಳ್ಳು ಸಹಿಯ ಕತ್ತಿಗೆ ಲಕ್ಷಗಟ್ಟಲೆ ಸುರಿಯುವುದೂ, ಸಹಿ ಇಲ್ಲದ ನಿಜವಾದ ಪ್ರಾಚೀನ ಕತ್ತಿಯನ್ನು ಗುಜರಿಗೆ ಹಾಕುವುದೂ ಒಟ್ಟೊಟ್ಟಿಗೇ ನಡೆಯುತ್ತವೆ.

ಇದು ದೂರದ ದೇಶದ ಮಾತೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 1945ರ ಶರಣಾಗತಿಯ ನಂತರ ಜಪಾನಿ ಕತ್ತಿಗಳು ಅಪಾರ ಸಂಖ್ಯೆಯಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಹೋದವು. ಬರ್ಮಾದಲ್ಲಿ ಜಪಾನಿನ ಸೇನೆಯನ್ನು ಎದುರಿಸಿದ ಪಡೆಗಳಲ್ಲಿ ದೊಡ್ಡ ಪಾಲು ಭಾರತೀಯರದೇ. ಯುದ್ಧ ಮುಗಿದ ಮೇಲೆ ಜಪಾನಿಗೆ ಹೋದ ಕಾಮನ್‌ವೆಲ್ತ್ ಸೇನೆಯಲ್ಲಿ ಬ್ರಿಟಿಷ್ ಮತ್ತು ಭಾರತೀಯ ಪಡೆಗಳ ಒಂದು ಡಿವಿಷನ್ ಇತ್ತು. ಅದರಲ್ಲಿದ್ದ 268ನೆಯ ಭಾರತೀಯ ಬ್ರಿಗೇಡನ್ನು ನಡೆಸಿದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಆ ಡಿವಿಷನ್ನಿನ ಹೊಣೆಗೆ ಬಿದ್ದ ಪ್ರಾಂತಗಳಲ್ಲಿ ಒಕಾಯಾಮಾ ಮತ್ತು ಶಿಮಾನೆ ಎರಡೂ ಸೇರಿದ್ದವು. ಒಕಾಯಾಮಾ ಎಂದರೆ ಹಳೆಯ ಬಿಜೆನ್ ಸೀಮೆ, ಜಪಾನಿನಲ್ಲಿ ಅತಿ ಹೆಚ್ಚು ಕತ್ತಿ ತಯಾರಾದ ನೆಲ. ಶಿಮಾನೆ ಎಂದರೆ ಕಬ್ಬಿಣದ ಮರಳನ್ನು ಇದ್ದಿಲಿನಲ್ಲಿ ಕರಗಿಸಿ ಕತ್ತಿಯ ಉಕ್ಕನ್ನು ತೆಗೆಯುತ್ತಿದ್ದ ಕುಲುಮೆಗಳ ನಾಡು. ಇಂಥ ಸೈನಿಕರ ಮನೆಗಳಲ್ಲಿ ಒಂದೊಂದು ಜಪಾನಿ ಕತ್ತಿ ಉಳಿದಿದ್ದರೆ ಆಶ್ಚರ್ಯವಿಲ್ಲ. ಆ ಮನೆಗಳಲ್ಲಿ ಈಗ ಆ ಕತ್ತಿ ಯಾವುದೆಂದು ಕೇಳುತ್ತಿರುವವರು ಮೊಮ್ಮಕ್ಕಳು, ಮರಿಮಕ್ಕಳು.

ಸಹಿಯನ್ನು ಯಾಕೆ ನಂಬಬಾರದು? ಮೊದಲ ಕಾರಣ, ಜಪಾನಿನಲ್ಲಿ ಸುಳ್ಳು ಸಹಿ ಇಂದು ನಿನ್ನೆಯ ಕಸುಬಲ್ಲ. 17ನೆಯ ಶತಮಾನದಲ್ಲಿ ಎಡೋ (ಇಂದಿನ ಟೋಕಿಯೋ) ನಗರದಲ್ಲಿ ಕೆಲಸ ಮಾಡಿದ ನಾಗಸೋನೆ ಕೊತೆತ್ಸು ಎಂಬ ಕತ್ತಿಗಾರನ ಹೆಸರು ಹೊತ್ತ ಕತ್ತಿ ಸಿಕ್ಕರೆ ಅದು ಖೋಟಾ ಎಂದುಕೊಂಡೇ ಪರೀಕ್ಷೆ ಶುರುಮಾಡಬೇಕೆನ್ನುವುದು ಅಲ್ಲಿನ ಬಲ್ಲವರ ಮಾತು. ಶೋಗನ್ ಪರವಾಗಿ ಕಾದಾಡಿದ ಶಿನ್‌ಸೆನ್‌ಗುಮಿ ಪಡೆಯ ನಾಯಕ ಕೊಂಡೊ ಇಸಾಮಿ ತನ್ನದು ಕೊತೆತ್ಸು ಕತ್ತಿಯೆಂದು ಹೆಮ್ಮೆಪಡುತ್ತಿದ್ದ. ಅದೂ ನಿಜವಾದದ್ದಲ್ಲ ಎಂದೇ ಹೆಚ್ಚಿನವರ ಅಭಿಪ್ರಾಯ. 19ನೆಯ ಶತಮಾನದಲ್ಲಿ ಕಾಜಿಹೇ ಎಂಬಾತ ದೊಡ್ಡ ದೊಡ್ಡ ಹೆಸರುಗಳನ್ನು ಕೆತ್ತುವುದರಲ್ಲೇ ಹೆಸರು ಮಾಡಿದ. ಹಳೆಯ ಸಹಿಯನ್ನು ಅಳಿಸಿ ಹೊಸದನ್ನು ಕೆತ್ತುವುದು, ಸಹಿ ಇಲ್ಲದ ಒಳ್ಳೆಯ ಕತ್ತಿಗೆ ಸಹಿ ಸೇರಿಸುವುದು, ಬೇರೆ ಕತ್ತಿಯಿಂದ ಸಹಿಯ ಭಾಗವನ್ನಷ್ಟೇ ಕತ್ತರಿಸಿ ತಂದು ಕೂರಿಸುವುದು ಎಲ್ಲವೂ ನಡೆದಿವೆ. ಪ್ರಭುಗಳ ನಡುವೆ ಕತ್ತಿಯೇ ಉಡುಗೊರೆಯಾಗಿದ್ದ ಕಾಲದಲ್ಲಿ, ದೊಡ್ಡ ಹೆಸರಿಗೆ ಬೇಡಿಕೆ ಇದ್ದಷ್ಟು ದೊಡ್ಡ ಕೆಲಸ ಸಿಗುತ್ತಿರಲಿಲ್ಲ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮ: ಸಹಿ ನಿಜವಾಗಿದ್ದರೂ ಅದು ಕಾಲವನ್ನು ಖಚಿತವಾಗಿ ಹೇಳಬೇಕೆಂದಿಲ್ಲ. ಕತ್ತಿಗಾರನ ಹೆಸರು ಗುರುವಿನಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಬಿಜೆನ್ ಸೀಮೆಯ ಒಸಾಫುನೆ ಊರಿನ ಸುಕೆಸಾದ ಎಂಬ ಹೆಸರನ್ನು ಎಷ್ಟೋ ತಲೆಮಾರುಗಳ, ಎಷ್ಟೋ ಕುಲುಮೆಗಳ ಜನ ಬಳಸಿದರು. ಅವರಲ್ಲಿ ಕೆಲವರು ಮಹಾ ಕುಶಲಿಗಳು. ಉಳಿದವರು ಅಂತರ್ಯುದ್ಧದ ಕಾಲದಲ್ಲಿ ಕಾಲಾಳುಗಳಿಗಾಗಿ ರಾಶಿಗಟ್ಟಲೆ ಕತ್ತಿ ಬಡಿದುಕೊಟ್ಟವರು. ಸುಕೆಸಾದ ಎಂದು ಓದಿದ ಮಾತ್ರಕ್ಕೆ ನಮ್ಮ ಕೈಯಲ್ಲಿರುವುದು ಇವರಲ್ಲಿ ಯಾರದೆಂದು ತಿಳಿಯುವುದಿಲ್ಲ. ತಾರೀಖಿನ ಕಥೆಯೂ ಹಾಗೆಯೇ. ಬುಡದ ಇನ್ನೊಂದು ಬದಿಯಲ್ಲಿ ಕೆತ್ತಿದ ತಾರೀಖುಗಳನ್ನು ಸಾಲಾಗಿ ನೋಡುತ್ತ ಹೋದರೆ ಎರಡನೆಯ ತಿಂಗಳ ಒಂದು ದಿನ, ಎಂಟನೆಯ ತಿಂಗಳ ಒಂದು ದಿನ ಎಂಬ ಬರಹವೇ ಮತ್ತೆ ಮತ್ತೆ ಸಿಗುತ್ತದೆ. ಕತ್ತಿಗಾರರೆಲ್ಲ ಆ ಎರಡೇ ತಿಂಗಳು ಕುಲುಮೆ ಹೊತ್ತಿಸುತ್ತಿದ್ದರು ಎಂದಲ್ಲ. ಹಾಗೆ ಬರೆಯುವುದು ಅವರ ಕಸುಬಿನ ಸಂಪ್ರದಾಯವಾಗಿತ್ತು. ಇನ್ನು ಮೂರನೆಯ ಕಾರಣವನ್ನು ಹೊಂಜೊ ಮಾಸಮುನೆಯೇ ತೋರಿಸಿದೆ. ಕುದುರೆ ಮೇಲಿನ ಯುದ್ಧಕ್ಕೆಂದು ಮಾಡಿದ ಉದ್ದನೆಯ ಕತ್ತಿಗಳನ್ನು ಮುಂದಿನ ಶತಮಾನಗಳಲ್ಲಿ ಬುಡದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡುವ ರೂಢಿ ಬಂದಾಗ ಸಹಿಯೂ ಬುಡದೊಂದಿಗೆ ಕತ್ತರಿಸಿ ಹೋಯಿತು. ಹಾಗಾಗಿ ಅತ್ಯುತ್ತಮವಾದ ಹಳೆಯ ಕತ್ತಿಗಳಲ್ಲಿ ಎಷ್ಟೋ ಇಂದು ಸಹಿ ಇಲ್ಲದವು.

ಕನ್ನಡದ ಓದುಗರಿಗೆ ಈ ತರ್ಕ ಹೊಸದಾಗಬೇಕಿಲ್ಲ. ನಮ್ಮ ಇತಿಹಾಸಕಾರರು ಕೂಟಶಾಸನಗಳನ್ನು ಹಿಡಿದುಹಾಕಿದ್ದು ಹೀಗೆಯೇ. ಗಂಗರ ತಾಮ್ರಪಟಗಳಲ್ಲಿ ಹಲವು ನಕಲಿಯೆಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದಿಸಿದಾಗ ಪಟದ ಒಳಗೆ ಬರೆದಿದ್ದ ವರ್ಷವನ್ನು ಅವರು ಕಣ್ಣುಮುಚ್ಚಿ ಒಪ್ಪಲಿಲ್ಲ. ಆ ವರ್ಷಕ್ಕೆ ಆ ಲಿಪಿ ಹೊಂದುತ್ತದೆಯೇ ಎಂದು ಕೇಳಿದರು. ಬಿ.ಎಲ್. ರೈಸ್ ಅವರೊಂದಿಗೆ ಅದೇ ವಿಷಯವಾಗಿ ದೊಡ್ಡ ಜಟಾಪಟಿಯೇ ನಡೆಯಿತು. ಇಬ್ಬರಲ್ಲಿ ಯಾರು ಎಷ್ಟು ಸರಿ ಎನ್ನುವುದು ಬೇರೆ ಮಾತು. ಶಾಸನ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತಿಗೆ ಅದರ ಮೈ ಸಾಕ್ಷಿ ನುಡಿಯಬೇಕೆಂಬ ನಿಯಮ ಮಾತ್ರ ಅಲ್ಲಿಂದ ಗಟ್ಟಿಯಾಯಿತು. ಕತ್ತಿಗೂ ಅದೇ ನಿಯಮ.

ಹಾಗಾದರೆ ಮೈ ಏನು ಹೇಳುತ್ತದೆ? ಮೊದಲು ಆಕಾರ. 12ನೆಯ ಶತಮಾನದ ಕತ್ತಿಗಳು ತೆಳ್ಳಗೆ, ಉದ್ದಕ್ಕೆ ಇರುತ್ತವೆ. ಬಾಗು ಹೆಚ್ಚಾಗಿ ಹಿಡಿಯ ಹತ್ತಿರವೇ ಇದ್ದು, ಮೇಲೆ ಹೋದಂತೆ ಅಗಲ ಕುಗ್ಗಿ, ಮೊನೆ ಪುಟ್ಟದಾಗುತ್ತದೆ. ಕುದುರೆಯ ಮೇಲೆ ಕೂತು ಬೀಸುವವನಿಗೆ ಹೇಳಿ ಮಾಡಿಸಿದ ಆಕಾರ ಅದು. 13ನೆಯ ಶತಮಾನದ ಮಧ್ಯದಲ್ಲಿ ಮೈ ಅಗಲವಾಗಿ ಮೊನೆ ಮೊಂಡಾಗುತ್ತದೆ. 14ನೆಯ ಶತಮಾನದಲ್ಲಿ, ಚಕ್ರವರ್ತಿ ಪಟ್ಟಕ್ಕಾಗಿ ಎರಡು ಅರಮನೆಗಳು ಕಾದಾಡುತ್ತಿದ್ದ ದಿನಗಳಲ್ಲಿ, ಭುಜದ ಮೇಲೆ ಹೊರಬೇಕಾದಷ್ಟು ಉದ್ದದ, ನೀಳ ಮೊನೆಯ ಕತ್ತಿಗಳು ಬಂದವು. ನಂತರ ನೆಲದ ಮೇಲೆ ನಿಂತು ಕಾದುವ ಕಾಲ ಬಂತು. ಅಂಚು ಮೇಲ್ಮುಖವಾಗಿ ಸೊಂಟಕ್ಕೆ ಸಿಕ್ಕಿಸುವ, ಒರೆಯಿಂದ ಎಳೆದೊಡನೆ ಹೊಡೆಯಬಲ್ಲ, ಬಾಗು ಮೊನೆಯ ಕಡೆಗೆ ಸರಿದ ಗಿಡ್ಡ ಕತ್ತಿ ಅದರ ಫಲ. 1661ರಿಂದ 1673ರ ಕಾನ್‌ಬುನ್ ಯುಗದ ಕತ್ತಿಗಳಂತೂ ಹೆಚ್ಚುಕಡಿಮೆ ನೇರ. ಹಳೆಯ ಕತ್ತಿಯನ್ನು ಕತ್ತರಿಸಿದ್ದಾರೆಯೇ ಎಂದು ಕಂಡುಹಿಡಿಯಲು ಎಲ್ಲರ ಕಣ್ಣಿಗೂ ಬೀಳುವ ಒಂದು ಗುರುತಿದೆ. ಮೈಮೇಲೆ ಉದ್ದಕ್ಕೆ ಕೊರೆದ ಕಾಲುವೆ ಇದ್ದು, ಅದು ಬುಡದಲ್ಲಿ ಎಲ್ಲಿಯೂ ಮುಗಿಯದೆ ಕೊನೆಯ ತುದಿಯವರೆಗೂ ಹರಿದು ಕತ್ತರಿಸಿದಂತೆ ನಿಂತಿದ್ದರೆ, ಕತ್ತಿ ಒಂದು ಕಾಲಕ್ಕೆ ಇನ್ನೂ ಉದ್ದವಿತ್ತು ಎನ್ನಲು ಅದು ಬಲವಾದ ಸುಳಿವು.

ಆಕಾರವನ್ನೂ ನಕಲು ಮಾಡಬಹುದಲ್ಲ ಎಂದು ಕೇಳಬಹುದು. ಮಾಡಿದ್ದಾರೆ. 18ನೆಯ ಶತಮಾನದ ಕೊನೆಯಿಂದ 1876ರಲ್ಲಿ ಕತ್ತಿ ಧರಿಸುವುದನ್ನು ಸರ್ಕಾರ ನಿಷೇಧಿಸುವವರೆಗೆ, ಹಳೆಯ ಮಾದರಿಗಳನ್ನು ಮತ್ತೆ ಮಾಡುವುದೇ ಒಂದು ಚಳವಳಿಯಾಗಿತ್ತು. ಆದರೆ ಕತ್ತಿಯನ್ನು ಪ್ರತಿ ಸಲ ಕಲ್ಲಿನ ಮೇಲೆ ಮಸೆದಾಗಲೂ ಒಂದಿಷ್ಟು ಉಕ್ಕು ಸವೆದು ಹೋಗುತ್ತದೆ. 700 ವರ್ಷಗಳಲ್ಲಿ ಎಷ್ಟೋ ಸಲ ಮಸೆಸಿಕೊಂಡ ಕತ್ತಿಯ ದಪ್ಪ, ಅಂಚಿನ ಎತ್ತರ ಕುಗ್ಗಿರುತ್ತದೆ. 19ನೆಯ ಶತಮಾನದ ನಕಲು ಕೈಗೆ ತೂಕವಾಗಿ, ಮೈ ತುಂಬಿಕೊಂಡು ಕಾಣುತ್ತದೆ. ಒಂದು ಸಾಕ್ಷಿ ಎಡವಿದ ಕಡೆ ಮತ್ತೊಂದು ಎತ್ತಿ ಹಿಡಿಯುತ್ತದೆ. ಈ ಪರೀಕ್ಷೆಯ ಬಲ ಇರುವುದೇ ಅಲ್ಲಿ.

ಹುಟ್ಟಿದೂರನ್ನು ಹೇಳುವುದು ಉಕ್ಕು. ಯಮಾಶಿರೊ, ಯಮಾತೊ, ಬಿಜೆನ್, ಸೋಶೂ, ಮಿನೊ ಎಂದು ಐದು ಸೀಮೆಗಳ ಪರಂಪರೆಗಳನ್ನು ಬಲ್ಲವರು ಲೆಕ್ಕ ಹಾಕುತ್ತಾರೆ. ಉಕ್ಕನ್ನು ಮಡಚಿ ಬಡಿದು, ಮತ್ತೆ ಮಡಚಿ ಬಡಿದಾಗ ಮೈಯಲ್ಲಿ ಮೂಡುವ ಎಳೆ ಯಮಾತೊದಲ್ಲಿ ನೇರವಾಗಿ ಹರಿಯುತ್ತದೆ; ಬಿಜೆನ್‌ನಲ್ಲಿ ಮರದ ಹಲಗೆಯ ಗಂಟು ಸುಳಿಗಳ ಹಾಗೆ ಕಾಣುತ್ತದೆ. ಹಳೆಯ ಬಿಜೆನ್ ಕತ್ತಿಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಅಂಚಿನುದ್ದಕ್ಕೂ ಮೂಡಿದ ಹದದ ಗೆರೆಯ ಮೇಲ್ಗಡೆ ಮಂಜಿನ ನೆರಳಿನಂಥ ಮತ್ತೊಂದು ಬಿಳುಪು ತೇಲುತ್ತದೆ. ಮಿನೊ ಸೀಮೆಯ ಕನೆಮೊತೊನ ಹದದ ಗೆರೆಯಲ್ಲಿ ಮೊನಚು ಶಿಖರಗಳು ಮೂರು ಮೂರಾಗಿ ಸಾಲುಗಟ್ಟುತ್ತವೆ. ಆದರೆ ಇಲ್ಲೊಂದು ಗಡಿರೇಖೆಯನ್ನು ಗಮನದಲ್ಲಿಡಬೇಕು. 1600ರ ಸೆಕಿಗಹಾರ ಯುದ್ಧದ ಆಸುಪಾಸಿನಲ್ಲಿ ಕತ್ತಿಗಾರರು ಹಳ್ಳಿಗಳಿಂದ ಕೋಟೆ ಪಟ್ಟಣಗಳಿಗೆ, ಒಸಾಕಾಕ್ಕೆ, ಎಡೋಗೆ ವಲಸೆ ಹೋದರು. ಉಕ್ಕು ವ್ಯಾಪಾರದ ಸರಕಾಗಿ ದೇಶವಿಡೀ ಓಡಾಡತೊಡಗಿತು. ಎಚಿಜೆನ್‌ನ ಯಾಸುತ್ಸುಗುವಂಥವರು ಹೊರದೇಶದ ಕಬ್ಬಿಣವನ್ನೂ ಬಳಸಿ, ಹಾಗೆಂದು ಬುಡದ ಮೇಲೆ ಕೆತ್ತಿದ್ದೂ ಉಂಟು. ಆಮೇಲಿನ ಕತ್ತಿಗಳಲ್ಲಿ ಉಕ್ಕು ನೋಡಿ ಊರು ಹೇಳುವುದು ಕಷ್ಟ. ಹಾಗಾಗಿ ಪರಿಣತರೊಬ್ಬರು 18ನೆಯ ಶತಮಾನದ ಕತ್ತಿಯ ಹುಟ್ಟೂರನ್ನು ಉಕ್ಕಿನ ಬಣ್ಣದಿಂದಲೇ ಹೇಳಿಬಿಟ್ಟರೆ ಸ್ವಲ್ಪ ಅನುಮಾನಪಡುವುದು ಒಳ್ಳೆಯದು.

ಅಂಚಿನ ಹದಕ್ಕೆ ಬರೋಣ. ಕಾಯಿಸುವ ಮುನ್ನ ಕತ್ತಿಗೆ ಜೇಡಿಮಣ್ಣು ಬಳಿಯುತ್ತಾರೆ, ಬೆನ್ನಿಗೆ ದಪ್ಪ, ಅಂಚಿಗೆ ತೆಳುವು. ಕೆಂಪಗೆ ಕಾದದ್ದನ್ನು ನೀರಿಗೆ ಅದ್ದಿದಾಗ ಅಂಚು ತಟ್ಟನೆ ತಣಿದು ಬಿರುಸಾಗುತ್ತದೆ, ಬೆನ್ನು ನಿಧಾನಕ್ಕೆ ತಣಿದು ಮೆದುವಾಗಿ ಉಳಿಯುತ್ತದೆ. ಎರಡರ ಗಡಿಯಲ್ಲಿ ಮೂಡುವ ಬೆಳ್ಳಗಿನ ಗೆರೆಯೇ ಹಾಮೊನ್. ಒಂದು ಬಲ್ಬಿನ ಬೆಳಕಿಗೆ ಹಿಡಿದು ನಿಧಾನಕ್ಕೆ ಓರೆ ಮಾಡಿದರೆ, ನಿಜವಾದ ಗೆರೆಯಲ್ಲಿ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವ ಹೊಳಪಿನ ಕಣಗಳೋ, ಕಣ ಬಿಡಿಸಲಾಗದ ಹೊಗೆಯಂಥ ಪಟ್ಟಿಯೋ ಒಳಗಿನಿಂದ ಎದ್ದು ಬರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೀರಿನ ಬದಲು ಎಣ್ಣೆಯಲ್ಲಿ ಅದ್ದಿ ಮಾಡಿದ ಕತ್ತಿಗಳ ಗೆರೆಯಲ್ಲಿ ಈ ಜೀವ ಸಾಮಾನ್ಯವಾಗಿ ಇರುವುದಿಲ್ಲ. ಇತ್ತೀಚಿನ ನಕಲುಗಳಲ್ಲಿ ಆಮ್ಲದಿಂದ ಬರೆದ ಗೆರೆ ಬರಿಯ ಬಣ್ಣದ ಹಾಗೆ ಮೇಲ್ಮೈಯಲ್ಲೇ ಕೂತಿರುತ್ತದೆ.

ಇಷ್ಟೆಲ್ಲ ಓದಿ ಆದ ಮೇಲೆ ಬುಡ. ನನಗೆ ಅತ್ಯಂತ ಕಾಳಜಿ ಇರುವುದೂ ಇದರ ಬಗ್ಗೆಯೇ, ಯಾಕೆಂದರೆ ಕತ್ತಿಯನ್ನು ಪ್ರೀತಿಸುವವರೇ ಹೆಚ್ಚು ಹಾಳು ಮಾಡುವ ಜಾಗ ಇದು. ಹಿಡಿಯಲ್ಲಿರುವ ಬಿದಿರಿನ ಗೂಟವನ್ನು ತಳ್ಳಿ ತೆಗೆದು ಹಿಡಿಯನ್ನು ಜಾರಿಸಿದರೆ ಬುಡ ಹೊರಗೆ ಬರುತ್ತದೆ. ಅದನ್ನು ಕತ್ತಿಗಾರ ಅರದಿಂದ ಉಜ್ಜಿ ಬಿಟ್ಟ ದಿನದಿಂದ ಯಾರೂ ಮಸೆದಿರುವುದಿಲ್ಲ. ಮಸೆಯುವವನ ಕಲ್ಲು ಕೂಡ ಹಿಡಿಯ ಗಡಿಯಲ್ಲೇ ನಿಲ್ಲುತ್ತದೆ. ಶತಮಾನಗಳ ತುಕ್ಕು ಅಲ್ಲಿ ಕಪ್ಪು ಕಂದು ಬಣ್ಣದ, ನುಣುಪಾದ, ಬಿಗಿಯಾದ ಒಂದು ಪದರವಾಗಿ ಕೂತಿರುತ್ತದೆ. ಕೆಲವೇ ದಶಕಗಳ ತುಕ್ಕಾದರೆ ಕೆಂಪಗೆ, ಸಡಿಲವಾಗಿ, ಬೆರಳಿಗೆ ಅಂಟುತ್ತದೆ. ಅಕ್ಷರಗಳ ಒಳಗಿನ ತುಕ್ಕಿಗೂ ಸುತ್ತಲಿನ ತುಕ್ಕಿಗೂ ಬಣ್ಣ ಬೇರೆಯಾಗಿದ್ದರೆ ಸಹಿ ಆಮೇಲೆ ಕೆತ್ತಿದ್ದು ಎಂಬ ಅನುಮಾನ ಹುಟ್ಟುತ್ತದೆ. ಅರ ಉಜ್ಜಿದ ಗೀರುಗಳು ಅಡ್ಡಕ್ಕಿವೆಯೋ, ಓರೆಯಾಗಿವೆಯೋ, ಹದ್ದಿನ ಗರಿಯ ಹಾಗೆ ಎರಡೂ ಕಡೆಯಿಂದ ಬಂದು ಕೂಡಿವೆಯೋ ಎನ್ನುವುದು ಕುಲುಮೆಯಿಂದ ಕುಲುಮೆಗೆ ಬದಲಾಗುತ್ತದೆ. ಗೂಟದ ತೂತು ಹಳೆಯ ಕತ್ತಿಗಳಲ್ಲಿ ಉಳಿಯಿಂದ ಹೊಡೆದು ತೆಗೆದದ್ದು, ಅಂಚು ಸೊಟ್ಟ. ಈಚಿನವುಗಳಲ್ಲಿ ಬೈರಿಗೆಯಿಂದ ಕೊರೆದದ್ದು, ನೇರ. ಒಂದಕ್ಕಿಂತ ಹೆಚ್ಚು ತೂತುಗಳಿದ್ದರೆ ಹಿಡಿ ಬದಲಾದ, ಬುಡ ಕತ್ತರಿಸಿದ ಕಥೆ ಅಲ್ಲಿದೆ. ಇಷ್ಟೆಲ್ಲ ಸಾಕ್ಷಿ ಕೂತಿರುವುದು ಆ ತುಕ್ಕಿನ ಪದರದಲ್ಲಿ. ನಮ್ಮಲ್ಲಿ ಆಯುಧಪೂಜೆ ಬಂತೆಂದರೆ ಮನೆಯ ಕಬ್ಬಿಣವನ್ನೆಲ್ಲ ಉಪ್ಪುಕಾಗದ ಹಾಕಿ ತಿಕ್ಕಿ ಬೆಳಗುವ ರೂಢಿ ಇದೆ. ಭಕ್ತಿಯಿಂದಲೇ ಮಾಡುವ ಕೆಲಸ ಅದು. ಆದರೆ ಜಪಾನಿ ಕತ್ತಿಯ ಬುಡವನ್ನು ಒಂದು ಬೆಳಗ್ಗೆ ಹಾಗೆ ತಿಕ್ಕಿದರೆ ಐದಾರು ಶತಮಾನಗಳ ಪುರಾವೆ ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತದೆ, ಮತ್ತೆ ಅದನ್ನು ಯಾರೂ ತರಲಾರರು. ಮೈಗೆ ಅರಿಸಿನ ಕುಂಕುಮ ಹಚ್ಚಿದರೂ ತೇವ ಕೂತು ಹೊಸ ತುಕ್ಕು ಹಿಡಿಯುತ್ತದೆ. ಪೂಜೆ ಮಾಡುವವರು ಒರೆಗೆ ಮಾಡಲಿ, ಕತ್ತಿಗೆ ಬೇಡ.

ಈಗ ಒಂದು ಗಂಭೀರ ಆಕ್ಷೇಪ. ಇದೆಲ್ಲ ಕೊನೆಗೂ ಪರಿಣತರೆನಿಸಿಕೊಂಡವರ ಅಭಿಪ್ರಾಯ ತಾನೆ? ಅವರಿಗೂ ಸ್ವಾರ್ಥವಿರುವುದಿಲ್ಲವೇ? ಈ ಆಕ್ಷೇಪಕ್ಕೆ ಹುರುಳಿದೆ. ಶೋಗನ್‌ಗಳ ಕಾಲದಲ್ಲಿ ಹೊನ್‌ಆಮಿ ಎಂಬ ಒಂದೇ ಮನೆತನ ಕತ್ತಿ ನೋಡಿ ಪ್ರಮಾಣಪತ್ರ ಕೊಡುತ್ತಿತ್ತು. 18ನೆಯ ಶತಮಾನದ ಆರಂಭದಲ್ಲಿ ಶೋಗನ್ ಯೋಶಿಮುನೆಯ ಅಪ್ಪಣೆಯಂತೆ ದೇಶದ ಹೆಸರಾಂತ ಕತ್ತಿಗಳ ಪಟ್ಟಿ ಮಾಡಿದ್ದೂ ಅವರೇ. ಅವರ ಎಲ್ಲ ಪತ್ರಗಳನ್ನೂ ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಯುದ್ಧಾನಂತರ, 1948ರಲ್ಲಿ, ಕತ್ತಿಗಳ ರಕ್ಷಣೆಗೆಂದು ಹುಟ್ಟಿದ ಜಪಾನಿ ಸಂಘವೂ ಪರೀಕ್ಷಿಸಿ ಪತ್ರ ಕೊಡುತ್ತದೆ. ಅದರ ಹಳೆಯ ಪತ್ರಗಳಲ್ಲಿ ಕೆಲವು ವಿಶ್ವಾಸ ಕಳೆದುಕೊಂಡು 1980ರ ದಶಕದಲ್ಲಿ ಪದ್ಧತಿಯನ್ನೇ ಬದಲಿಸಬೇಕಾಯಿತು. ಹೀಗಿರುವಾಗ ಪತ್ರವನ್ನು ದೇವರ ಮಾತೆಂದು ಹಿಡಿಯುವುದೂ ಸಹಿಯನ್ನು ನಂಬುವುದರಷ್ಟೇ ತಪ್ಪು. ಆದರೆ ಇದರಿಂದ ಪರೀಕ್ಷೆಯೇ ಬೂಟಾಟಿಕೆ ಎಂದು ತೀರ್ಮಾನಿಸಲಾಗದು. ದೇವಾಲಯಗಳಲ್ಲಿ, ಸಂಗ್ರಹಾಲಯಗಳಲ್ಲಿ ನಿಜವಾದ ಸಹಿ, ನಿಜವಾದ ತಾರೀಖು, ಕೈಯಿಂದ ಕೈಗೆ ಬಂದ ದಾಖಲೆ ಮೂರೂ ಇರುವ ಕತ್ತಿಗಳು ಉಳಿದಿವೆ. ಪರಿಣತರ ಮಾತನ್ನು ಅವುಗಳ ಪಕ್ಕದಲ್ಲಿಟ್ಟು ನೋಡಬಹುದು, ತಪ್ಪಿದ್ದರೆ ತಿದ್ದಬಹುದು. ಆದ್ದರಿಂದ ಕೇಳಬೇಕಾದದ್ದು ಯಾರು ಮಾಡಿದ್ದು ಎಂದಲ್ಲ, ಹಾಗೆನ್ನಲು ಕಾರಣವೇನು ಎಂದು. ಕಾರಣ ಕೊಡಲೊಪ್ಪದ ಪರಿಣತನಿಗೆ ಹಣ ಕೊಡಬೇಡಿ.

ವಿಜ್ಞಾನವೇ ಇರುವಾಗ ಈ ಕಣ್ಣಳತೆ ಯಾಕೆ ಎನ್ನುವವರೂ ಇದ್ದಾರೆ. ಉಕ್ಕಿನಲ್ಲಿರುವ ಇಂಗಾಲ ಇದ್ದಿಲಿನಿಂದ ಬಂದದ್ದು, ಆದ್ದರಿಂದ ಅದರ ಕಾಲವನ್ನು ತಾತ್ವಿಕವಾಗಿ ಅಳೆಯಬಹುದು. ಆದರೆ ಅದಕ್ಕೆ ಕತ್ತಿಯಿಂದ ಚೂರೊಂದನ್ನು ಕತ್ತರಿಸಬೇಕು. ಸಿಗುವ ಉತ್ತರವೂ ಇದ್ದಿಲಾದ ಮರದ ಕಾಲ, ಅದೂ ಹಲವು ದಶಕಗಳ ಏರುಪೇರಿನೊಂದಿಗೆ. ನ್ಯೂಟ್ರಾನ್ ಕಿರಣಗಳಿಂದ ಕತ್ತಿಗೆ ಗಾಯ ಮಾಡದೆ ಒಳರಚನೆ ನೋಡುವ ಕೆಲಸ ಯುರೋಪಿನ ಪ್ರಯೋಗಾಲಯಗಳಲ್ಲಿ ನಡೆದಿದೆ. ಗಟ್ಟಿ ಉಕ್ಕು ಎಲ್ಲಿ, ಮೆದು ಉಕ್ಕು ಎಲ್ಲಿ ಎಂದು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಅದರ ಫಲಿತಾಂಶವನ್ನು ಅರ್ಥ ಮಾಡಿಕೊಳ್ಳಲೂ ಖಚಿತವಾಗಿ ಗೊತ್ತಿರುವ ಕತ್ತಿಗಳೊಂದಿಗೆ ಹೋಲಿಸಲೇಬೇಕು. ಯಂತ್ರ ಬಂದರೂ ತರ್ಕದ ದಾರಿ ಬದಲಾಗುವುದಿಲ್ಲ.

ಇನ್ನೊಂದು ಮಾತನ್ನು ಖಂಡಿತವಾಗಿ ವಿರೋಧಿಸುತ್ತೇನೆ. ಹಿಡಿ ಮತ್ತು ಒರೆ ಸೇನೆಯದಾಗಿದ್ದರೆ ಕತ್ತಿ ಬರೀ ಕಾರ್ಖಾನೆ ಮಾಲು ಎಂದು ತಳ್ಳಿಹಾಕುವುದು ಸರಿಯಲ್ಲ. 1935ರ ಮಾದರಿಯಲ್ಲಿ ಕೆಳದರ್ಜೆ ಅಧಿಕಾರಿಗಳಿಗೆ ಕೊಟ್ಟ, ಅಂಕಿ ಒತ್ತಿದ ಕತ್ತಿ ಯಂತ್ರದಲ್ಲಿ ಆದದ್ದು ನಿಜ. ಆದರೆ 1934 ಮತ್ತು 1938ರ ಮಾದರಿಯ ಅಧಿಕಾರಿ ಕತ್ತಿಗಳ ಹಿಡಿಯೊಳಗೆ ಏನು ಬೇಕಾದರೂ ಇರಬಹುದು. ಅಧಿಕಾರಿಗಳು ಮನೆಯ ಹಳೆಯ ಕತ್ತಿಗೆ ಹೊಸ ಹಿಡಿ ಹಾಕಿಸಿ ಯುದ್ಧಕ್ಕೆ ಒಯ್ದರು. 1933ರಿಂದ 1945ರವರೆಗೆ ಯಾಸುಕುನಿ ಮಂದಿರದ ಆವರಣದ ಕುಲುಮೆಯಲ್ಲಿ ಹಳೆಯ ಕ್ರಮದಲ್ಲೇ ಸೇನಾಧಿಕಾರಿಗಳಿಗೆ ಕತ್ತಿ ಮಾಡಿದರು. ಹೊರಗಿನ ಉಡುಪು ನೋಡಿ ಒಳಗಿನದನ್ನು ನಿರ್ಧರಿಸುವಂತಿಲ್ಲ. ಕೊನೆಗೆ ಅದು ಕಾರ್ಖಾನೆಯದೇ ಎಂದು ಸಾಬೀತಾದರೂ, ಕೊಹಿಮಾದ, ಅರಕಾನಿನ ಯುದ್ಧ ಕಂಡ ವಸ್ತುವಾಗಿ ಅದು ಇತಿಹಾಸದ ದಾಖಲೆಯೇ. ಜಪಾನಿನಲ್ಲಿ ಮಾತ್ರ ಸಾಂಪ್ರದಾಯಿಕವಾಗಿ ಮಾಡದ ಕತ್ತಿಗೆ ನೋಂದಣಿ ಸಿಗುವುದಿಲ್ಲ. ಮಸೆಸಲೆಂದು ಅಂಥದ್ದನ್ನು ಅಲ್ಲಿಗೆ ಕಳಿಸಿದರೆ ಮುಟ್ಟುಗೋಲು ಹಾಕಿಕೊಂಡು ನಾಶ ಮಾಡಿಯಾರು. ಕಳಿಸುವ ಮೊದಲೇ ಅದು ಏನೆಂದು ತಿಳಿಯಬೇಕಾದ ಇನ್ನೊಂದು ಕಾರಣ ಇದು.

ನಮ್ಮ ದೇಶದ ಕಾನೂನೂ ಇದರಲ್ಲಿ ಬರುತ್ತದೆ. 100 ವರ್ಷ ದಾಟಿದ ಕಲಾಕೃತಿ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ಖಾಸಗಿ ವ್ಯಕ್ತಿ ದೇಶದ ಹೊರಗೆ ಸಾಗಿಸುವುದು ಅಪರಾಧ. ಆಯುಧ ಕಾಯ್ದೆಯ ಬಗ್ಗೆ ನಿಮ್ಮ ಜಿಲ್ಲೆಯಲ್ಲಿ ವಿಚಾರಿಸಿಕೊಳ್ಳಿ. ಹೀಗಾಗಿ ಭಾರತದ ಕುಟುಂಬಕ್ಕೆ ಸುಲಭವಾಗಿ ಸಿಗುವುದು ಒಳ್ಳೆಯ ಫೋಟೊಗಳ ದಾರಿ. ಪೂರ್ತಿ ಕತ್ತಿಯನ್ನು ಮೇಲಿನಿಂದ ನೇರವಾಗಿ ತೆಗೆದದ್ದು, ಬುಡದ ಎರಡೂ ಬದಿ, ಮೊನೆ, ಹದದ ಗೆರೆ, ಜೊತೆಗೆ ಮೊನೆಯಿಂದ ಹಿಡಿಯ ಗಡಿಯವರೆಗಿನ ನೇರ ಅಳತೆ. 60.6 ಸೆಂಟಿಮೀಟರ್ ದಾಟಿದರೆ ಅದು ಉದ್ದ ಕತ್ತಿ, 30.3ಕ್ಕಿಂತ ಕಡಿಮೆಯಿದ್ದರೆ ಬಾಕು, ನಡುವಿನದು ಕಿರುಗತ್ತಿ. ತುಕ್ಕು ಹಿಡಿಯದಂತೆ ಕಾಯಲು ಮೈಗೆ ತೆಳುವಾಗಿ ಖನಿಜ ತೈಲ ಸವರಿದರೆ ಸಾಕು.

ಅಮೆರಿಕದ ಉದ್ಯಮಿ ವಾಲ್ಟರ್ ಕಾಂಪ್ಟನ್ ಅವರ ಸಂಗ್ರಹಕ್ಕೆ ಬಂದಿದ್ದ ಒಂದು ಕತ್ತಿ, ಯುದ್ಧಾನಂತರ ಕಾಣೆಯಾಗಿದ್ದ ರಾಷ್ಟ್ರೀಯ ನಿಧಿ, 13ನೆಯ ಶತಮಾನದ ಕುನಿಮುನೆಯ ಕೆಲಸ ಎಂದು ಗುರುತಾಯಿತು. 1963ರಲ್ಲಿ ಅವರು ಅದನ್ನು ಬೆಲೆ ಕೇಳದೆ ಕಾಗೊಶಿಮಾದ ತೆರುಕುನಿ ಮಂದಿರಕ್ಕೆ ಹಿಂತಿರುಗಿಸಿದರು. ಆ ಗುರುತು ಸಾಧ್ಯವಾದದ್ದು ಕತ್ತಿಯನ್ನು ಯಾರೂ ಕೆಡಿಸದೆ ಇಟ್ಟಿದ್ದರಿಂದ. ಕತ್ತಿ ಯಾವ ಕಾಲದ್ದು, ಯಾವ ಊರಿನದು ಎನ್ನುವುದನ್ನು ನಾಳೆಯೂ ಓದಬಹುದು, ನೂರು ವರ್ಷ ಬಿಟ್ಟೂ ಓದಬಹುದು, ಬುಡವನ್ನು ಮುಟ್ಟದಿದ್ದರೆ. ಆದರೆ ಅದು ನಿಮ್ಮ ಮನೆಗೆ ಹೇಗೆ ಬಂತೆಂದು ಉಕ್ಕಿನಲ್ಲಿ ಎಲ್ಲಿಯೂ ಬರೆದಿಲ್ಲ. ಅದನ್ನು ಬಲ್ಲ ಹಿರಿಯರು ಈಗ ಬಹಳ ಕಡಿಮೆ. ಮನೆಯಲ್ಲಿ ಇಂಥ ಕತ್ತಿ ಇದ್ದರೆ, ತಂದವರ ಹೆಸರು, ಅವರ ರೆಜಿಮೆಂಟ್, ಯಾವ ಊರಲ್ಲಿ ಯಾವ ವರ್ಷ ಯಾರ ಕೈಯಿಂದ ಬಂತು ಎಂಬುದನ್ನು ಕೇಳಿ ತಿಳಿದು ಒಂದು ಹಾಳೆಯಲ್ಲಿ ಬರೆದು ಕತ್ತಿಯ ಜೊತೆಗೇ ಇಡಿ. ಆ ಕೆಲಸವನ್ನು ಈ ವಾರವೇ ಮಾಡಿ.